ಸ್ಪ್ರಿಂಕ್ಲರ್ ಕುತ್ತಿಗೆಯಲ್ಲಿ ಸೋರುವ ನೀರು

ಫೆಬ್ರುವರಿ ಮುಗಿಯುವ ಹೊತ್ತಿಗೆ ಕೊಡಗಿನ ಸಂಜೆಯ ಸದ್ದೇ ಬೇರೆ. ಜೀರುಂಡೆಗಿಂತ ಡೀಸೆಲ್ ಪಂಪೇ ಜಾಸ್ತಿ ಕೇಳುತ್ತದೆ. ರೊಬಸ್ಟಾ ಕಾಫಿ ಗಿಡದ ಮೊಗ್ಗು ನೀರಿಗಾಗಿ ಕಾದು ನಿಂತಿರುತ್ತದೆ. ಆಕಾಶ ಕೊಟ್ಟರೆ ಹೂಮಳೆ. ಕೊಡದಿದ್ದರೆ ಕೆರೆ, ಪೈಪು, ಸ್ಪ್ರಿಂಕ್ಲರ್. ಒಂದರಿಂದ ಒಂದೂವರೆ ಇಂಚು ನೀರು ಬಿದ್ದರೆ ಎಂಟು-ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಹೂ ಕಟ್ಟಿದ ಎರಡು-ಮೂರು ವಾರಕ್ಕೆ ಇನ್ನೊಂದು ಸಲ ನೀರು ಬೇಕು. ಅದು ಬ್ಯಾಕಿಂಗ್. ಈ ಎರಡರಲ್ಲಿ ಒಂದು ತಪ್ಪಿದರೂ ಮುಂದಿನ ವರ್ಷದ ಕಣ ಖಾಲಿ ಹೊಡೆಯುತ್ತದೆ.

ಹೋದ ವರ್ಷ ಅಂಥದೇ ಒಂದು ಸಂಜೆ. ಲೈನು ಬದಲಿಸುತ್ತಿದ್ದ ಹುಡುಗ ಕರೆದು ತೋರಿಸಿದ.

"ಅಣ್ಣಾ, ಇದು ಮೇಲೆ ಹೊಡೆಯೋದಕ್ಕಿಂತ ಕೆಳಗೆ ಸುರಿಸೋದೇ ಜಾಸ್ತಿ ಆಗಿದೆ ನೋಡಿ."

ನೋಡಿದೆ. ಸ್ಪ್ರಿಂಕ್ಲರ್ ಟಕ್ ಟಕ್ ಅಂತ ತಿರುಗುತ್ತಿತ್ತು. ಅದರ ಕುತ್ತಿಗೆಯಿಂದ, ಅಂದರೆ ತಿರುಗುವ ತಲೆ ಮತ್ತು ನಿಂತ ಪೈಪು ಸೇರುವ ಜಾಗದಿಂದ, ನೀರು ಸುತ್ತಲೂ ಛತ್ರಿ ಬಿಚ್ಚಿದ ಹಾಗೆ ಚಿಮ್ಮುತ್ತಿತ್ತು. "ಹೋಗ್ಲಿ ಬಿಡೋ, ನೀರು ತೋಟಕ್ಕೇ ತಾನೆ ಬೀಳೋದು" ಅಂದೆ. ರಾತ್ರಿ ಸುಮ್ನೆ ಕೂತು ಲೆಕ್ಕ ಹಾಕಿದೆ. ನಾನು ಹೇಳಿದ್ದು ಸರಿ ಇರಲಿಲ್ಲ.

2023ರಲ್ಲಿ ಮುಂಗಾರು ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಕೆರೆಗಳ ತಳ ಕಂಡಿತು. ಅದೇ ಸಮಯಕ್ಕೆ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಹಾಗಾಗಿ ಈಗ ಹೂವಿಗೆ ನೀರು ಕೊಡುವುದು ಅನುಕೂಲಸ್ಥರ ಕೆಲಸವಾಗಿ ಉಳಿದಿಲ್ಲ, ಹತ್ತು ಎಕರೆಯವರೂ ಪಂಪು ಇಡುತ್ತಾರೆ. ಎಲ್ಲಿ ನಾಲ್ಕು ಜನ ಸೇರಿದರೂ ಮಾತು ಹೊಸ ಕೆರೆ, ಹೊಸ ಬೋರ್‌ವೆಲ್, ದೊಡ್ಡ ಪಂಪಿನ ಬಗ್ಗೆ. ಇರುವ ನೀರು ಎಲ್ಲಿ ಕಳೆದುಹೋಗುತ್ತಿದೆ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಅದರಲ್ಲಿ ಒಂದು ಪಾಲು ಆ ಕುತ್ತಿಗೆಯಲ್ಲಿದೆ. ಆ ಕುತ್ತಿಗೆ ಚಿಕ್ಕದಾದರೂ ಅದು ಇಡೀ ಕೈಗಾರಿಕೆ ನೂರು ವರ್ಷದಿಂದ ತಲೆ ಕೆಡಿಸಿಕೊಂಡಿರುವ ಸಮಸ್ಯೆ.

ಸಮಸ್ಯೆ ಇಷ್ಟೇ. ಒಂದು ಕಡೆ ಪೈಪು ಅಲುಗಾಡದೆ ನಿಂತಿದೆ. ಇನ್ನೊಂದು ಕಡೆ ಯಂತ್ರ ತಿರುಗುತ್ತಿದೆ. ನೀರೋ, ಎಣ್ಣೆಯೋ, ಹಬೆಯೋ ನಿಂತ ಕಡೆಯಿಂದ ತಿರುಗುವ ಕಡೆಗೆ ಹೋಗಬೇಕು. ಮಧ್ಯದಲ್ಲಿ ಸೋರಬಾರದು. ಈ ಕೆಲಸ ಮಾಡುವ ಕೀಲಿಗೆ ಕಾರ್ಖಾನೆಯವರು ರೋಟರಿ ಜಾಯಿಂಟ್, ರೋಟರಿ ಯೂನಿಯನ್, ಸ್ವಿವೆಲ್ ಅಂತೆಲ್ಲ ಹೇಳುತ್ತಾರೆ. ನಾನು ತಿರುಗುಕೀಲು ಅಂತ ಕರೆಯುತ್ತೇನೆ.

ಕುಕ್ಕರಿನ ಗ್ಯಾಸ್ಕೆಟ್ ನೆನಪಿಸಿಕೊಳ್ಳಿ. ಮುಚ್ಚಳಕ್ಕೂ ಪಾತ್ರೆಗೂ ನಡುವೆ ರಬ್ಬರ್ ಒತ್ತಿ ಕೂತಿರುತ್ತದೆ, ಹಬೆ ಹೊರಗೆ ಬರುವುದಿಲ್ಲ. ಎರಡೂ ನಿಂತೇ ಇರುವುದರಿಂದ ಅದು ಸುಲಭ. ಈಗ ಅದೇ ಮುಚ್ಚಳ ನಿಮಿಷಕ್ಕೆ ನೂರು ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಬಿಗಿಯಾಗಿ ಒತ್ತಿದರೆ ರಬ್ಬರ್ ಉಜ್ಜಿ, ಬಿಸಿಯಾಗಿ, ಒಂದು ಮಧ್ಯಾಹ್ನವೂ ಬಾಳುವುದಿಲ್ಲ. ಸಡಿಲ ಬಿಟ್ಟರೆ ಹಬೆ ಹೋಗುತ್ತದೆ. ಬಿಗಿಗೂ ಸಡಿಲಕ್ಕೂ ನಡುವೆ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಈ ಕೀಲಿನ ವಿದ್ಯೆ.

ಕುತ್ತಿಗೆಯ ಒಳಗೆ

ಸ್ಪ್ರಿಂಕ್ಲರನ್ನು ಬಿಚ್ಚಿ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಟಕ್ ಟಕ್ ಅನ್ನುವ ಈ ಬಗೆಯ ಸ್ಪ್ರಿಂಕ್ಲರನ್ನು 1933ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟನ್ ಎಂಗಲ್‌ಹಾರ್ಟ್ ಅನ್ನುವ ರೈತ ಮಾಡಿದ. ನೀರಿನ ಧಾರೆ ಒಂದು ಕೈಗೆ ಹೊಡೆಯುತ್ತದೆ. ಕೈ ಪಕ್ಕಕ್ಕೆ ಸರಿದು ಸ್ಪ್ರಿಂಗಿನಿಂದ ವಾಪಸು ಬಂದು ತಲೆಗೆ ಬಡಿಯುತ್ತದೆ. ಪ್ರತಿ ಬಡಿತಕ್ಕೂ ತಲೆ ಸ್ವಲ್ಪ ತಿರುಗುತ್ತದೆ. ಎಲ್ಲರ ಕಣ್ಣೂ ಆ ಕೈಯ ಮೇಲೇ. ನಿಜವಾದ ಬುದ್ಧಿವಂತಿಕೆ ಮಾತ್ರ ಕೆಳಗಿದೆ.

ರೈಸರ್, ಅಂದರೆ ನೆಟ್ಟಗೆ ನಿಂತ ಪೈಪಿಗೆ ತಿರುಚಿ ಕೂರಿಸುವ ಹಿತ್ತಾಳೆ ನಿಪ್ಪಲ್ ಇರುತ್ತದಲ್ಲ, ಅದು ತಿರುಗುವುದಿಲ್ಲ. ಅದರೊಳಗಿಂದ ಒಂದು ಕೊಳವೆ ಮೇಲಕ್ಕೆ ಹೋಗಿ ತಲೆಗೆ ಸೇರುತ್ತದೆ. ಕೊಳವೆ ತಲೆಯ ಜೊತೆ ತಿರುಗುತ್ತದೆ. ಕೊಳವೆಯ ಕೆಳತುದಿಯಲ್ಲಿ ಬಳೆಯ ಹಾಗೆ ಒಂದು ಅಂಚು. ಆ ಅಂಚಿಗೂ ನಿಪ್ಪಲಿನ ಕೆಳಮುಖಕ್ಕೂ ನಡುವೆ ಎರಡು-ಮೂರು ತೆಳು ವಾಶರ್. ಮೇಲ್ಗಡೆ ಒಂದು ಸಣ್ಣ ಸ್ಪ್ರಿಂಗ್, ಕೊಳವೆಯನ್ನು ಸದಾ ಮೇಲಕ್ಕೆ ಎಳೆದು ಹಿಡಿಯುವುದಕ್ಕೆ.

ಪಂಪು ಹಾಕಿದ ತಕ್ಷಣ ನೀರಿನ ಒತ್ತಡ ಕೊಳವೆಯನ್ನು ಕೆಳಗಿನಿಂದ ಮೇಲಕ್ಕೆ ದೂಡುತ್ತದೆ. ಅಂಚು ವಾಶರುಗಳನ್ನು ನಿಪ್ಪಲಿಗೆ ಒತ್ತುತ್ತದೆ. ಅಂದರೆ ಸೋರಲು ನೋಡುವ ನೀರೇ ಬಾಗಿಲನ್ನೂ ಹಾಕುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಬಾಗಿಲು ಬಿಗಿ. ಅದಕ್ಕೇ ಪಂಪು ಶುರುವಾದ ಮೊದಲ ಅರೆ ನಿಮಿಷ ಎಲ್ಲ ಸ್ಪ್ರಿಂಕ್ಲರುಗಳ ಕುತ್ತಿಗೆಯೂ ಸೋರಿ, ಆಮೇಲೆ ನಿಲ್ಲುತ್ತದೆ. ಒತ್ತಡ ಏರಿದ ಮೇಲೂ ನಿಲ್ಲದಿದ್ದರೆ ವಾಶರ್ ಹೋಗಿದೆ ಅಂತ ಅರ್ಥ.

ಪೂರ್ತಿ ಒಣಗಿದ ವಾಶರ್ ಮೇಲೆ ತಲೆ ತಿರುಗುವುದಿಲ್ಲ. ಎರಡು ಮುಖಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಇರಬೇಕು. ಅದೇ ಅದರ ಎಣ್ಣೆ. ಕೆಲವರು ಪ್ರೀತಿಯಿಂದ ಗ್ರೀಸ್ ಹಚ್ಚುತ್ತಾರೆ. ಹಚ್ಚಬಾರದು. ಗ್ರೀಸಿಗೆ ಮರಳು ಅಂಟಿ ಅದು ಉಪ್ಪುಕಾಗದದ ಹಾಗೆ ಹಿತ್ತಾಳೆಯನ್ನೇ ತಿನ್ನುತ್ತದೆ.

ಎಷ್ಟು ಹೋಗುತ್ತದೆ

ಈಗ ಆ ರಾತ್ರಿಯ ಲೆಕ್ಕಕ್ಕೆ ಬರೋಣ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷದ 3 ಸಾವಿರ ಲೀಟರ್. ಈ ಸಂಖ್ಯೆ ಕೇಳಿ ಬೆಚ್ಚಿಬೀಳದ ಬೆಳೆಗಾರರನ್ನು ನಾನು ಕಂಡಿಲ್ಲ.

ಒತ್ತಡ 3 ಕೆ.ಜಿ. ಅಂತ ಇಟ್ಟುಕೊಳ್ಳಿ, ಅಂದರೆ ಒಂದು ಚದರ ಸೆಂಟಿಮೀಟರಿಗೆ 3 ಕೆ.ಜಿ. ಬಲ. ಈ ಒತ್ತಡದಲ್ಲಿ ಸಣ್ಣ ಕಂಡಿಯಿಂದ ನೀರು ಸೆಕೆಂಡಿಗೆ ಹತ್ತಿರ ಹತ್ತಿರ 25 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ನೀರು ಚಿಮ್ಮುವ 5 ಮಿಲಿಮೀಟರ್ ನಾಜಲ್ಲಿನಿಂದ ಗಂಟೆಗೆ ಸುಮಾರು 1,600 ಲೀಟರ್. ಅದು ನಮಗೆ ಬೇಕಾದ ನೀರು. ಕುತ್ತಿಗೆಯ ಕಂಡಿ ಒಟ್ಟು ಒಂದೇ ಒಂದು ಚದರ ಮಿಲಿಮೀಟರ್ ಇದ್ದರೂ ಗಂಟೆಗೆ ಕಡಿಮೆಯೆಂದರೂ 50 ಲೀಟರ್ ಹೋಗುತ್ತದೆ. 30 ಮಿಲಿಮೀಟರ್ ಅಗಲದ ಉಂಗುರದಲ್ಲಿ ಬರೆಯುವ ಕಾಗದದ ದಪ್ಪದಷ್ಟು ಸಂದು ಬಿದ್ದರೆ ಕಂಡಿ ಒಂಬತ್ತು ಚದರ ಮಿಲಿಮೀಟರ್ ದಾಟುತ್ತದೆ. ಸಂದಿನ ಒಳಗಿನ ಉಜ್ಜಾಟದಿಂದ ನೀರು ಸ್ವಲ್ಪ ತಡೆಯುತ್ತದೆ, ಅಷ್ಟೂ ಹೋಗುವುದಿಲ್ಲ. ಅರ್ಧ ಅಂತಲೇ ಇಟ್ಟುಕೊಂಡರೂ ಗಂಟೆಗೆ 200 ಲೀಟರ್ ದಾಟಿತು. ಅಂದರೆ ಬೇಕಾದ ನೀರಿನ ನೂರಕ್ಕೆ ಹನ್ನೆರಡು ಪಾಲು.

12 ಸ್ಪ್ರಿಂಕ್ಲರ್ ಒಟ್ಟಿಗೆ ಓಡುವ ಲೈನಿನಲ್ಲಿ ಎಲ್ಲವೂ ಹೀಗಿದ್ದರೆ ಗಂಟೆಗೆ 2,400 ಲೀಟರ್. ಎಲ್ಲವೂ ಹಾಗಿರುವುದಿಲ್ಲ ಅಂತ ನೀವು ಹೇಳಬಹುದು. ಸರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಇನ್ನು "ತೋಟಕ್ಕೇ ತಾನೆ ಬೀಳೋದು" ಅನ್ನುವ ಮಾತು. ಸೋರಿದ ನೀರು ರೈಸರಿನ ಬುಡದಲ್ಲಿ ಒಂದೆರಡು ಗಿಡದ ಕಾಲಡಿ ಬೀಳುತ್ತದೆ. ಅಲ್ಲಿ ಕೆಸರಾಗುತ್ತದೆ, ದೂರದ ಗಿಡಕ್ಕೆ ನೀರಿಲ್ಲ. ಹನ್ನೆರಡು ಕುತ್ತಿಗೆಯೂ ಸೋರಿದರೆ ಪಂಪಿನ ಒತ್ತಡವೂ ಇಳಿಯುತ್ತದೆ, ಧಾರೆ ಗಿಡ್ಡವಾಗುತ್ತದೆ. ಎರಡು ಸ್ಪ್ರಿಂಕ್ಲರಿನ ನಡುವೆ ಒಂದು ಸಾಲು ಒಣಗಿ ಉಳಿಯುತ್ತದೆ. ಹೂ ಅರಳುವಾಗ ಅದು ಎದ್ದು ಕಾಣುತ್ತದೆ. ಬಿಳಿ ತೋಟದ ಮಧ್ಯೆ ಹಸಿರು ತೇಪೆ.

ಡೀಸೆಲ್ ಲೆಕ್ಕವೂ ಇದೆ. ಕೆರೆಯಿಂದ 30 ಮೀಟರ್ ಏರಿಸಿ, ಅಲ್ಲಿ 3 ಕೆ.ಜಿ. ಒತ್ತಡ ಕೊಡುವುದೆಂದರೆ ಒಟ್ಟು 60 ಮೀಟರ್ ಎತ್ತಿದ ಹಾಗೆ. ಪಂಪು, ಇಂಜಿನ್ ಎರಡೂ ಒಳ್ಳೆಯ ಸ್ಥಿತಿಯಲ್ಲಿದ್ದರೆ ಎಕರೆಗೆ ಒಂದು ಇಂಚಿಗೆ ಸುಮಾರು 8 ಲೀಟರ್ ಡೀಸೆಲ್ ಅಂತ ನನ್ನ ಅಂದಾಜು. ಅದರಲ್ಲಿ ಒಂದು ಲೀಟರ್ ಕುತ್ತಿಗೆಯ ಛತ್ರಿಗೆ ಹೋಯಿತು. 20 ಎಕರೆಗೆ ಒಂದೂವರೆ ಇಂಚು ಕೊಟ್ಟರೆ 30 ಲೀಟರ್. ವಾಶರಿನ ಬೆಲೆ ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ನಮ್ಮ ಗುಡ್ಡದ ಊರಿನಲ್ಲಿ ಇದಕ್ಕೆ ಇನ್ನೊಂದು ತಿರುವಿದೆ. ಹತ್ತು ಮೀಟರ್ ಕೆಳಗಿಳಿದರೆ ಒತ್ತಡ ಒಂದು ಕೆ.ಜಿ. ಜಾಸ್ತಿ. ಗದ್ದೆ ಅಂಚಿನ ಸ್ಪ್ರಿಂಕ್ಲರಿಗೆ 5 ಕೆ.ಜಿ. ಸಿಕ್ಕರೆ ಗುಡ್ಡದ ಮೇಲಿನದಕ್ಕೆ 2 ಸಿಗಬಹುದು, ಒಂದೇ ಲೈನಿನಲ್ಲಿ. ಕೆಳಗಿನದರ ವಾಶರ್ ಬಿಗಿಯಾಗಿ ಉಜ್ಜಿ ಬೇಗ ಸವೆಯುತ್ತದೆ. ಸವೆದ ಮೇಲೆ ಜಾಸ್ತಿ ಒತ್ತಡದಲ್ಲಿ ಜಾಸ್ತಿ ಸೋರುತ್ತದೆ. ಮೇಲಿನದಕ್ಕೆ ವಾಶರ್ ಒತ್ತಿ ಕೂರುವಷ್ಟು ಬಲವೇ ಇಲ್ಲದೆ ಅದೂ ಸೋರುತ್ತದೆ. ಕಾರಣ ಎರಡು, ನೋಡುವವರ ಕಣ್ಣಿಗೆ ಕಾಯಿಲೆ ಒಂದೇ. ಅಮೆರಿಕದ ಬಯಲಿನಲ್ಲಿ ಈ ತಲೆನೋವಿಲ್ಲ. ಅಲ್ಲಿ ಫ್ರಾಂಕ್ ಝೈಬಾಕ್ ಅನ್ನುವ ರೈತ 1952ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಇಡೀ ಪೈಪೇ ಚಕ್ರದ ಮೇಲೆ ಹೊಲವನ್ನು ಸುತ್ತುತ್ತದೆ. ನಡುವಿನ ಕಂಬದಲ್ಲಿ ಒಂದೇ ಒಂದು ದೊಡ್ಡ ತಿರುಗುಕೀಲು. ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಇಳಿಜಾರು ಇರುವ ನಮ್ಮಲ್ಲಿ ಅದು ಹತ್ತು ಮಾರು ಹೋಗುವುದಿಲ್ಲ.

ಒತ್ತಡ ಗುಣಿಸು ವೇಗ

ಸ್ಪ್ರಿಂಕ್ಲರಿನಲ್ಲಿ ರಬ್ಬರ್ ವಾಶರ್ ಸಾಕಾಗುವುದೇಕೆ, ಕಾರ್ಖಾನೆಯಲ್ಲಿ ಅದೇ ಕೆಲಸಕ್ಕೆ ದುಬಾರಿ ಕೀಲು ಬೇಕಾಗುವುದೇಕೆ? ಒತ್ತುವ ಬಲವನ್ನು ಉಜ್ಜುವ ವೇಗದಿಂದ ಗುಣಿಸಿ. ಬರುವ ಸಂಖ್ಯೆ ಎಷ್ಟು ದೊಡ್ಡದೋ ಅಷ್ಟು ಬಿಸಿ ಹುಟ್ಟುತ್ತದೆ. ಸ್ಪ್ರಿಂಕ್ಲರ್ ಆಮೆಯ ಹಾಗೆ ತಿರುಗುತ್ತದೆ, ಒತ್ತಡ ಮೂರೋ ನಾಲ್ಕೋ ಕೆ.ಜಿ. ಗುಣಲಬ್ಧ ಸಣ್ಣದು. ಇವೆರಡರಲ್ಲಿ ಒಂದನ್ನು ಏರಿಸಿ ನೋಡಿ, ಆಟವೇ ಬದಲಾಗುತ್ತದೆ.

ನಿಮ್ಮ ಪಂಪಿನಲ್ಲೇ ಅದರ ಮೊದಲ ಮೆಟ್ಟಿಲು ಇದೆ. ಪಂಪಿನ ಶಾಫ್ಟ್ ಹೊರಗೆ ಬರುವ ಕಡೆ ಗ್ಲ್ಯಾಂಡ್ ಇರುತ್ತದಲ್ಲ, ಅದರೊಳಗೆ ಗ್ರೀಸು-ಗ್ರಾಫೈಟ್ ಹಚ್ಚಿದ ಹಗ್ಗ ಸುತ್ತಿರುತ್ತಾರೆ. ಶಾಫ್ಟ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಅಲ್ಲಿಂದ ನೀರು ಹನಿ ಹನಿಯಾಗಿ ಬೀಳಲೇಬೇಕು. ಬೀಳುವುದನ್ನು ಕಂಡು ಸ್ಪ್ಯಾನರ್ ತಂದು ಬಿಗಿ ಮಾಡಿದರೆ ಹಗ್ಗ ಸುಟ್ಟು ಶಾಫ್ಟ್ ಮೇಲೆ ಗೀರು ಬೀಳುತ್ತದೆ. ಆಮೇಲೆ ಯಾವ ಹಗ್ಗ ಹಾಕಿದರೂ ನಿಲ್ಲುವುದಿಲ್ಲ. ಹೀಗಾಗಿ ಸೀಲ್ ಅಂದರೆ ಸೋರಿಕೆಯನ್ನು ನಿಲ್ಲಿಸುವ ವಸ್ತು ಅನ್ನುವುದು ಅರ್ಧ ಸತ್ಯ. ಎಷ್ಟು ಸೋರಬೇಕು ಅಂತ ತೀರ್ಮಾನಿಸುವ ವಸ್ತು ಅದು.

ಇನ್ನೂ ವೇಗ ಹೆಚ್ಚಿದರೆ ಹಗ್ಗವೂ ಸಾಲದು, ಮೆಕ್ಯಾನಿಕಲ್ ಸೀಲ್ ಬರುತ್ತದೆ. ಎರಡು ಉಂಗುರ. ಸಾಮಾನ್ಯವಾಗಿ ಒಂದು ಇಂಗಾಲದ್ದು, ಇನ್ನೊಂದು ಸಿಲಿಕಾನ್ ಕಾರ್ಬೈಡ್‌ನಂಥ ಗಟ್ಟಿ ವಸ್ತುವಿನದು. ಒಂದು ತಿರುಗುತ್ತದೆ, ಒಂದು ನಿಂತಿರುತ್ತದೆ. ಮುಖಕ್ಕೆ ಮುಖ ಕೊಟ್ಟು ಸ್ಪ್ರಿಂಗ್ ಒತ್ತುತ್ತದೆ. ಈ ಮುಖಗಳು ಎಷ್ಟು ಸಮತಟ್ಟು ಅಂದರೆ ಅಳೆಯಲು ಗೇಜ್ ಸಾಲದು, ಬೆಳಕಿನ ಪಟ್ಟಿಗಳಿಂದ ಅಳೆಯುತ್ತಾರೆ. ಒಂದು ಪಟ್ಟಿ ಅಂದರೆ 0.29 ಮೈಕ್ರಾನ್. ತಲೆಗೂದಲಿನ ದಪ್ಪ 70 ಮೈಕ್ರಾನಿನ ಹತ್ತಿರ. ಮುಖಗಳ ನಡುವೆ ಮೈಕ್ರಾನಿನ ಲೆಕ್ಕದ ದ್ರವದ ಪದರ, ಅದರ ಮೇಲೆ ಉಂಗುರ ತೇಲಿದ ಹಾಗೆ ತಿರುಗುತ್ತದೆ. ಪದರದಿಂದ ಹೊರಬೀಳುವ ಅಷ್ಟಿಷ್ಟು ದ್ರವ ಕಣ್ಣಿಗೆ ಕಾಣುವ ಮೊದಲೇ ಆವಿಯಾಗಿರುತ್ತದೆ.

ಒತ್ತಡ ಏರಿದ ಹಾಗೆ ನೀರೇ ಮುಖಗಳನ್ನು ಒತ್ತಿ ಹಿಡಿದರೆ ಪದರ ಹರಿದುಹೋಗುತ್ತದೆ. ಅದಕ್ಕೆ ಉಂಗುರದ ಆಕಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡೆದು, ಒತ್ತಡದ ಒಂದು ಪಾಲು ಮಾತ್ರ ಮುಖದ ಮೇಲೆ ಬೀಳುವ ಹಾಗೆ ಮಾಡುತ್ತಾರೆ. ಇದಕ್ಕೆ ಬ್ಯಾಲೆನ್ಸ್ ಮಾಡಿದ ಸೀಲ್ ಅನ್ನುತ್ತಾರೆ. ಸ್ಪ್ರಿಂಕ್ಲರಿನಲ್ಲಿ ನೀರೇ ಬಾಗಿಲು ಹಾಕಿತಲ್ಲ, ಇಲ್ಲಿ ನೀರಿಗೆ ಬಾಗಿಲು ಹಾಕುವ ಅಧಿಕಾರ ಕೊಟ್ಟರೂ ಜೋರಾಗಿ ಬಡಿಯಬೇಡ ಅಂತ ಕೈ ಹಿಡಿದ ಹಾಗೆ.

ಗುಡ್ಡ ಕುಸಿದಾಗ ಬರುವ ಯಂತ್ರ

2018ರ ಆಗಸ್ಟ್ ಯಾರು ಮರೆಯುತ್ತಾರೆ? ಜೋಡುಪಾಲ, ಮದೆನಾಡು ಕಡೆ ಗುಡ್ಡವೇ ರಸ್ತೆಗೆ ಬಂದಿತ್ತು. ಮಡಿಕೇರಿ-ಸಂಪಾಜೆ ದಾರಿ ಮುಚ್ಚಿಹೋಯಿತು. ಮಣ್ಣು ತೆಗೆಯಲು ಬಂದದ್ದು ಚೈನಿನ ಮೇಲೆ ಓಡುವ ಯಂತ್ರಗಳು. ನಮ್ಮಲ್ಲಿ ಯಾವ ಕಂಪನಿಯದ್ದೇ ಆಗಲಿ, ಟಯರ್ ಇದ್ದರೆ ಜೆಸಿಬಿ, ಚೈನ್ ಇದ್ದರೆ ಹಿಟಾಚಿ. ಹೆಸರಿನ ಮಟ್ಟಿಗೆ ನಾವು ಅಷ್ಟು ಉದಾರಿಗಳು.

ಚೈನಿನ ಯಂತ್ರದ ಮೇಲಿನ ಭಾಗ ಗಿರಗಿರನೆ ಎಷ್ಟು ಸುತ್ತು ಬೇಕಾದರೂ ತಿರುಗುತ್ತದೆ. ಇಂಜಿನ್, ಎಣ್ಣೆ ಪಂಪು, ಡ್ರೈವರ್ ಎಲ್ಲ ಮೇಲೆ. ಚೈನು ಓಡಿಸುವ ಮೋಟಾರು ಕೆಳಗೆ. ಮೇಲಿನಿಂದ ಕೆಳಕ್ಕೆ ಎಣ್ಣೆ ಹೋಗಬೇಕು. ಬರೀ ಹೋಸ್ ಪೈಪು ಕಟ್ಟಿದ್ದರೆ ಎರಡು ಸುತ್ತಿಗೆ ಅದು ಜಡೆ ಹೆಣೆದುಕೊಳ್ಳುತ್ತಿತ್ತು. ಅಲ್ಲಿ ನಡುಮಧ್ಯೆ ಒಂದು ತಿರುಗುಕೀಲು ಕೂತಿದೆ. ಮೆಕ್ಯಾನಿಕ್‌ಗಳು ಸೆಂಟರ್ ಜಾಯಿಂಟ್ ಅನ್ನುತ್ತಾರೆ.

ಒಂದು ಕಂಬ, ಅದರ ಸುತ್ತ ಒಂದು ಗಡಿಗೆಯಂಥ ಹೊದಿಕೆ. ಕಂಬದ ಸುತ್ತ ಬಳೆ ಬಳೆಯಾಗಿ ಗಾಡಿ, ಅಂದರೆ ಸಣ್ಣ ತೋಡು, ಕೊರೆದಿರುತ್ತದೆ. ಒಂದೊಂದು ಗಾಡಿಯೂ ಒಂದೊಂದು ಎಣ್ಣೆಯ ದಾರಿ. ಎಡ ಚೈನಿಗೆ ಮುಂದೆ, ಹಿಂದೆ, ಬಲ ಚೈನಿಗೆ ಮುಂದೆ, ಹಿಂದೆ, ವಾಪಸು ಬರುವ ಎಣ್ಣೆಗೆ ಒಂದು, ಹೀಗೆ ಐದಾರು. ಕಂಬ ಎಷ್ಟೇ ತಿರುಗಿದರೂ ಗಾಡಿ ಸುತ್ತಲೂ ಇರುವುದರಿಂದ ಹೊದಿಕೆಯ ತೂತಿಗೆ ಅದು ಯಾವಾಗಲೂ ಎದುರಿಗೇ ಸಿಗುತ್ತದೆ. ಈ ಉಪಾಯ ನನಗೆ ಬಹಳ ಇಷ್ಟ. ಪ್ರತಿ ಎರಡು ಗಾಡಿಯ ನಡುವೆ ಒಂದು ಸೀಲ್.

ಇಲ್ಲಿ ವೇಗ ಏನೂ ಇಲ್ಲ, ನಿಮಿಷಕ್ಕೆ ಹತ್ತು ಸುತ್ತು. ಆದರೆ ಒತ್ತಡ 300 ಕೆ.ಜಿ. ಮೀರುತ್ತದೆ, ಸ್ಪ್ರಿಂಕ್ಲರಿನ ನೂರು ಪಟ್ಟು. ಹೊರಗಿನ ಸೀಲ್ ಹೋದರೆ ಯಂತ್ರದ ಹೊಟ್ಟೆಯಿಂದ ಎಣ್ಣೆ ಸುರಿಯುತ್ತದೆ, ಯಾರಿಗೂ ಗೊತ್ತಾಗುತ್ತದೆ. ಒಳಗಿನ ಸೀಲ್ ಹೋದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಎಣ್ಣೆ ಒಂದು ಗಾಡಿಯಿಂದ ಪಕ್ಕದ ಗಾಡಿಗೆ ಕಳ್ಳತನದಿಂದ ದಾಟುತ್ತದೆ. ಒಂದು ಚೈನು ಸೋಮಾರಿಯಾಗುತ್ತದೆ, ಯಂತ್ರ ನೇರ ಓಡಿಸಿದರೂ ಒಂದು ಕಡೆಗೆ ಎಳೆಯುತ್ತದೆ, ಏರು ಹತ್ತುವುದಿಲ್ಲ.

ನಮ್ಮ ಪರಿಚಯದವರ ಯಂತ್ರಕ್ಕೆ ಹೀಗೇ ಆಗಿತ್ತು. ಒಂದು ವರ್ಕ್‌ಶಾಪಿನವರು ಮೊದಲು ಪಂಪು ಬದಲಿಸಿದರು, ಆಮೇಲೆ ಚೈನಿನ ಮೋಟಾರು. ದೊಡ್ಡ ಮೊತ್ತ ಹೋದ ಮೇಲೆ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಬಂದು, ಕೀಲಿನಿಂದ ಕೆಳಗೆ ಹೋಗುವ ಪೈಪುಗಳನ್ನು ಬಿಚ್ಚಿ, ಬಾಯಿ ಮುಚ್ಚಿ ಒತ್ತಡ ನೋಡಿದರು. ಮೋಟಾರಿಗೆ ದಾರಿಯೇ ಇಲ್ಲ, ಆದರೂ ಒತ್ತಡ ಏರಲಿಲ್ಲ. ಅಂದರೆ ಎಣ್ಣೆ ಕೀಲಿನ ಒಳಗೇ ಹೋಗುತ್ತಿದೆ. ಸೀಲ್ ಕಿಟ್ ಹಾಕಿದರು, ಮುಗಿಯಿತು. ಹೊರಗೆ ಕಾಣುವ ಸೋರಿಕೆಗೆ ನಾವು ಬೈಯುತ್ತೇವೆ. ಅದಾದರೂ ಪಾಪ, ತಾನು ಎಲ್ಲಿದ್ದೇನೆ ಅಂತ ಹೇಳುತ್ತದೆ.

ಕೊಡಗಿನ ಹೊರಗೆ ಈ ಕೀಲಿನ ದೊಡ್ಡ ಮನೆ ಅಂದರೆ ಕಾಗದದ ಕಾರ್ಖಾನೆ. ದಾಂಡೇಲಿಯಲ್ಲಿ, ನಂಜನಗೂಡಿನಲ್ಲಿ ಇವೆ. ಒದ್ದೆ ಕಾಗದವನ್ನು ಒಣಗಿಸಲು ಸುಮಾರು ಒಂದೂವರೆ ಮೀಟರ್ ಅಡ್ಡಳತೆಯ ಟೊಳ್ಳು ಉರುಳೆಗಳ ಸಾಲು ಇರುತ್ತದೆ. ಒಳಗೆ ಹಬೆ. 5 ಬಾರ್ ಒತ್ತಡದ (ಒಂದು ಬಾರ್ ಅಂದರೆ ನಮ್ಮ ಲೆಕ್ಕದ ಸುಮಾರು ಒಂದು ಕೆ.ಜಿ.) ಹಬೆ ಅಂದರೆ 159 ಡಿಗ್ರಿ ಬಿಸಿ. ಉರುಳೆ ತಿರುಗುತ್ತಲೇ ಇರುತ್ತದೆ, ಹಬೆ ಅದರ ಅಚ್ಚಿನ ಮೂಲಕ ಒಳಗೆ ಹೋಗಬೇಕು. ಇಷ್ಟೇ ಆಗಿದ್ದರೆ ಸುಲಭವಿತ್ತು. ಹಬೆ ಕಾಗದಕ್ಕೆ ಬಿಸಿ ಕೊಟ್ಟು ನೀರಾಗುತ್ತದೆ. ಆ ನೀರು ಅದೇ ಕೀಲಿನಿಂದ ಹೊರಗೂ ಬರಬೇಕು.

ಉರುಳೆ ನಿಧಾನವಾಗಿ ತಿರುಗುವಾಗ ನೀರು ತಳದಲ್ಲಿ ನಿಂತಿರುತ್ತದೆ. ನಿಮಿಷಕ್ಕೆ 200 ಸುತ್ತಿಗೆ ಹೋದರೆ ಭೂಮಿಯ ಎಳೆತದ ಮೂವತ್ತು ಪಟ್ಟು ಬಲ ಅದನ್ನು ಹೊರಕ್ಕೆ ತಳ್ಳುತ್ತದೆ. ನೀರು ಬಳೆಯ ಹಾಗೆ ಒಳಗೋಡೆಗೆ ಅಂಟಿಕೊಂಡು ಉರುಳೆಯ ಜೊತೆಗೇ ಸುತ್ತುತ್ತದೆ. ಹಬೆಗೂ ಲೋಹಕ್ಕೂ ನಡುವೆ ಅದೊಂದು ಕಂಬಳಿ. ಬಿಸಿ ದಾಟುವುದಿಲ್ಲ, ಕಾಗದ ಒಣಗುವುದಿಲ್ಲ, ಇನ್ನಷ್ಟು ಹಬೆ ಸುಡಬೇಕು. ಅದಕ್ಕೇ ಕೀಲಿನ ನಡುವಿನಿಂದ ಒಂದು ಸೈಫನ್ ಕೊಳವೆ ಒಳಗೆ ಇಳಿದು ಗೋಡೆಯ ಹತ್ತಿರ ಬಾಯಿಟ್ಟು ಆ ನೀರನ್ನು ಹೀರುತ್ತದೆ. ಒಂದೇ ಕೀಲು, ಹೊರಸುತ್ತಿನಲ್ಲಿ ಹಬೆ ಒಳಗೆ, ನಡುವೆ ನೀರು ಹೊರಗೆ.

ಬೆಂಗಳೂರಿನ ಪೀಣ್ಯದ ಯಂತ್ರಗಳಲ್ಲಿ ಬೇರೆ ತೊಂದರೆ. ಅಲ್ಲಿ ಲೋಹ ಕೊರೆಯುವ ಹತಾರದ ತುದಿಗೇ ತಂಪು ದ್ರವ ತಲುಪಬೇಕು, ತಿರುಗುವ ಸ್ಪಿಂಡಲ್ ಒಳಗಿನಿಂದ. ಒತ್ತಡ 70 ಬಾರ್, ವೇಗ ನಿಮಿಷಕ್ಕೆ 20,000 ಸುತ್ತು ಮುಟ್ಟುವುದೂ ಇದೆ. ಗುಣಿಸಿ ನೋಡಿ. ದ್ರವ ಬಾರದೆ ಸ್ಪಿಂಡಲ್ ಒಣಗಿ ಓಡಿದರೆ ಕ್ಷಣದಲ್ಲಿ ಸೀಲ್ ಸುಡುತ್ತದೆ. ಹಾಗಾಗಿ ಕೆಲವು ಕೀಲುಗಳಲ್ಲಿ ಒತ್ತಡ ಇಲ್ಲದಾಗ ಮುಖಗಳು ತಾವೇ ಬಿಟ್ಟುಕೊಳ್ಳುತ್ತವೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಉಕ್ಕಿನ ಕಾರ್ಖಾನೆಯಲ್ಲಿ ಕೆಂಡದಂಥ ಹಾಳೆ ಸಾಗಿಸುವ ಉರುಳೆಗೆ ತಣ್ಣೀರು, ರಬ್ಬರ್ ಅರೆಯುವ ಉರುಳೆಗೆ ಬಿಸಿನೀರು, ಕೆಲವು ಗಾಳಿಯಂತ್ರಗಳಲ್ಲಿ ರೆಕ್ಕೆಯ ಕೋನ ತಿರುಗಿಸಲು ಎಣ್ಣೆ, ಜಲವಿದ್ಯುತ್ ತಯಾರಿಸುವ ಕಪ್ಲಾನ್ ಟರ್ಬೈನಿನಲ್ಲಿ ನೀರೊಳಗಿನ ರೆಕ್ಕೆಗೆ ಎಣ್ಣೆ. ಸಮುದ್ರದ ನಡುವೆ ಲಂಗರು ಹಾಕಿ ಗಾಳಿ ಬಂದ ಕಡೆಗೆ ತಿರುಗುವ ಎಣ್ಣೆ ಹಡಗುಗಳಲ್ಲಿ ಮನೆಯಷ್ಟು ಎತ್ತರದ ಕೀಲು ಇರುತ್ತದೆ. ಕುಶಾಲನಗರದ ಕೂಡ್ಲೂರಿನ ಕಾಫಿ ಕ್ಯೂರಿಂಗ್‌ನವರನ್ನೂ ಕೇಳಿದ್ದೆ. ಅಲ್ಲಿನ ತಿರುಗುವ ಡ್ರೈಯರಿಗೆ ಹೋಗುವುದು ಬರೀ ಬಿಸಿಗಾಳಿ. ಚೂರು ಹೊರಗೆ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಅದೇ ಹೆಸರಿನ ಇನ್ನೊಬ್ಬ

ತಿರುಗುಕೀಲನ್ನು ಕೆಲವರು ಫ್ಲೂಯಿಡ್ ಕಪ್ಲಿಂಗ್ ಅಂತಲೂ ಕರೆಯುತ್ತಾರೆ. ಆ ಹೆಸರು ಹುಡುಕಿದರೆ ಬೇರೆಯದೇ ಒಂದು ವಸ್ತು ಎದುರಾಗುತ್ತದೆ, ಜನ ಎರಡನ್ನೂ ಕಲಸುತ್ತಾರೆ. ತಿರುಗುಕೀಲು ದ್ರವವನ್ನು ಸಾಗಿಸುತ್ತದೆ. ಈ ಇನ್ನೊಂದು ದ್ರವದಿಂದ ಶಕ್ತಿಯನ್ನು ಸಾಗಿಸುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದರ ಮೂಲ ಪೇಟೆಂಟ್ ಪಡೆದರು. ಹಡಗಿನ ಹಬೆ ಟರ್ಬೈನ್ ವೇಗವಾಗಿ ತಿರುಗುತ್ತದೆ, ನೀರೊಳಗಿನ ಪಂಖ ನಿಧಾನವಾಗಿ ತಿರುಗಬೇಕು. ಎರಡನ್ನೂ ಹಲ್ಲುಚಕ್ರವಿಲ್ಲದೆ ಸೇರಿಸುವುದು ಅವರ ಗುರಿಯಾಗಿತ್ತು.

ಕೊಡಗಿನ ಕಿತ್ತಳೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ತೊಳೆಗಳ ನಡುವೆ ತೆಳು ಗೋಡೆ, ಸುತ್ತಲೂ. ತೊಳೆಯ ತಿರುಳು ತೆಗೆದು ಗೋಡೆ ಉಳಿಸಿಕೊಳ್ಳಿ. ಎರಡು ಹೋಳನ್ನು ಮುಟ್ಟದ ಹಾಗೆ ಎದುರುಬದುರು ಇಟ್ಟು ಎಣ್ಣೆ ತುಂಬಿದರೆ ಅದೇ ಫ್ಲೂಯಿಡ್ ಕಪ್ಲಿಂಗ್. ಒಂದು ಹೋಳನ್ನು ಮೋಟಾರು ತಿರುಗಿಸುತ್ತದೆ. ಎಣ್ಣೆ ಹೊರಕ್ಕೆ ಸಿಡಿದು ಎದುರಿನ ಹೋಳಿನ ಗೋಡೆಗೆ ಬಡಿದು ಅದನ್ನೂ ಎಳೆದೊಯ್ಯುತ್ತದೆ. ಎರಡನೆಯದು ಯಾವಾಗಲೂ ಸ್ವಲ್ಪ ಹಿಂದೆ. ಮೋಟಾರು 1,500 ಸುತ್ತಿದರೆ ಇದು 1,455ರ ಹತ್ತಿರ. ಆ ಮೂರು ಪರ್ಸೆಂಟ್ ಎಣ್ಣೆಯ ಬಿಸಿಯಾಗಿ ಹೋಗುತ್ತದೆ.

ಕಲ್ಲು ಒಡೆಯುವ ಕ್ರಷರ್, ಕಲ್ಲಿದ್ದಲು ಸಾಗಿಸುವ ಉದ್ದ ಬೆಲ್ಟುಗಳಲ್ಲಿ ಇದನ್ನು ಹಾಕುತ್ತಾರೆ. ತುಂಬಿದ ಬೆಲ್ಟನ್ನು ಮೋಟಾರು ಒಮ್ಮೆಲೇ ಎಳೆದರೆ ಹರಿಯುತ್ತದೆ, ಇಲ್ಲ ಮೋಟಾರು ಸುಡುತ್ತದೆ. ಎಣ್ಣೆ ನಡುವೆ ಇದ್ದರೆ ಮೋಟಾರು ಮೊದಲು ಹಗುರವಾಗಿ ವೇಗ ಹಿಡಿಯುತ್ತದೆ, ಬೆಲ್ಟು ನಿಧಾನವಾಗಿ ಏಳುತ್ತದೆ. ಕ್ರಷರಿನಲ್ಲಿ ದೊಡ್ಡ ಕಲ್ಲು ಸಿಕ್ಕಿ ನಿಂತರೆ ಎಣ್ಣೆ ಕಾಯುತ್ತದೆ. ಕಪ್ಲಿಂಗಿನ ಮೈಗೆ ಬೇಗ ಕರಗುವ ಲೋಹದ ಒಂದು ಬಿರಡೆ ಜಡಿದಿರುತ್ತಾರೆ. ಬಿಸಿ ಮಿತಿ ಮೀರಿದರೆ ಅದು ಕರಗಿ ಎಣ್ಣೆಯೆಲ್ಲ ಹೊರಗೆ ಚೆಲ್ಲುತ್ತದೆ. ಮೋಟಾರು ಖಾಲಿ ಹೋಳನ್ನು ತಿರುಗಿಸುತ್ತಾ ಬದುಕಿಕೊಳ್ಳುತ್ತದೆ. ಅಲ್ಲಿ ಎಣ್ಣೆ ಚೆಲ್ಲುವುದೇ ರಕ್ಷಣೆ. ಕೆಲವು ಆಟೋಮ್ಯಾಟಿಕ್ ಕಾರುಗಳಲ್ಲಿರುವ ಟಾರ್ಕ್ ಕನ್ವರ್ಟರ್ ಇದರ ಖಾಸಾ ಅಣ್ಣ. ಮಡಿಕೇರಿಯ ಏರಿನಲ್ಲಿ ಬ್ರೇಕ್ ಬಿಟ್ಟ ತಕ್ಷಣ ಕಾರು ತಾನೇ ತಾನಾಗಿ ಮೆಲ್ಲ ತೆವಳುತ್ತದಲ್ಲ, ಅದು ಆ ಎಣ್ಣೆಯ ತಳ್ಳಾಟ.

ತೋಟಕ್ಕೆ ವಾಪಸು ಬರುತ್ತೇನೆ. ತಿರುಗುಕೀಲು ಹಾಳಾಗಲು ಕಾರ್ಖಾನೆಯವರು ಹೇಳುವ ಕಾರಣಗಳು ಮುಖ್ಯವಾಗಿ ಎರಡು, ಎರಡೂ ನಮಗೆ ಅನ್ವಯಿಸುತ್ತವೆ. ಮೊದಲನೆಯದು ಕಸ. ಕೆರೆಯ ತಳ ಕಂಡಾಗ ಪಂಪು ಎಳೆಯುವುದು ನೀರಿಗಿಂತ ಹೂಳನ್ನು. ನೀರೆಳೆಯುವ ಪೈಪಿನ ತುದಿಯ ಫೂಟ್‌ವಾಲ್ವನ್ನು ಕೆಸರಿನ ಮೇಲೆ ಇಡಬೇಡಿ, ಡ್ರಮ್ಮಿಗೆ ಕಟ್ಟಿ ತೇಲಿಸಿ. ಜಾಲರಿ ಹರಿದಿದ್ದರೆ ಸೀಸನ್ ಶುರುವಾಗುವ ಮೊದಲೇ ಬದಲಿಸಿ. ಎರಡನೆಯದು ಅಡ್ಡ ಎಳೆತ. ಕಾರ್ಖಾನೆಯಲ್ಲಿ ತಿರುಗುಕೀಲಿಗೆ ಗಟ್ಟಿ ಪೈಪನ್ನು ನೇರ ಜೋಡಿಸುವುದಿಲ್ಲ. ಬಗ್ಗುವ ಹೋಸ್ ಹಾಕುತ್ತಾರೆ, ಪೈಪಿನ ತೂಕ ಕೀಲಿನ ಮೇಲೆ ಬೀಳಬಾರದು ಅಂತ. ನಮ್ಮ ಸ್ಪ್ರಿಂಕ್ಲರಿಗೆ ಅದೇ ಪಾಠ ಅಂದರೆ ರೈಸರ್ ನೆಟ್ಟಗೆ ನಿಲ್ಲಬೇಕು. ಇಳಿಜಾರಿನಲ್ಲಿ ಅವಸರಕ್ಕೆ ಓರೆಯಾಗಿ ನಿಲ್ಲಿಸಿದ ರೈಸರ್ ಪ್ರತಿ ಬಡಿತಕ್ಕೂ ಅಲುಗಾಡುತ್ತದೆ, ವಾಶರಿನ ಒಂದೇ ಬದಿ ಸವೆಯುತ್ತದೆ. ಜೊತೆಗೆ ನಾಜಲ್ಲನ್ನೂ ನೋಡಿ. ಮರಳು ಅದರ ತೂತನ್ನೂ ತಿನ್ನುತ್ತದೆ. 5 ಮಿಲಿಮೀಟರ್ ಇದ್ದದ್ದು 5.5 ಆದರೆ ನೀರು ನೂರಕ್ಕೆ 21 ಪಾಲು ಜಾಸ್ತಿ ಹೋಗುತ್ತದೆ. ಅಳೆಯಲು ಅದೇ ಅಳತೆಯ ಡ್ರಿಲ್ ಬಿಟ್ಟಿನ ಹಿಂತುದಿ ಸಾಕು, ತೂರಿಸಿ ನೋಡಿದರೆ ಸಡಿಲವೋ ಬಿಗಿಯೋ ತಿಳಿಯುತ್ತದೆ.

ಈ ವರ್ಷ ಪಂಪು ಇಳಿಸುವ ಮೊದಲು ಹುಡುಗನೂ ನಾನೂ ಅಂಗಳದಲ್ಲಿ ಗೋಣಿ ಹಾಸಿ ಕೂತು ಹನ್ನೆರಡು ಸ್ಪ್ರಿಂಕ್ಲರನ್ನೂ ಬಿಚ್ಚಿದೆವು. ಐದು ಚೆನ್ನಾಗಿದ್ದವು. ಐದರಲ್ಲಿ ವಾಶರ್ ಒಂದು ಬದಿ ಬ್ಲೇಡಿನಷ್ಟು ತೆಳುವಾಗಿತ್ತು. ಉಳಿದೆರಡರಲ್ಲಿ ವಾಶರೇ ಇರಲಿಲ್ಲ. ಅದರ ಜಾಗದಲ್ಲಿ ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ ತುರುಕಿದ್ದರು.

"ಇದು ಯಾರ ಕೆಲಸ ಅಣ್ಣಾ?" ಅಂತ ಅವನು ನಕ್ಕ.

ನಾನು ಹಿತ್ತಾಳೆ ಉಜ್ಜುತ್ತಾ ಕೂತೆ. ಮೂರು ವರ್ಷದ ಹಿಂದೆ, ಅಂಗಡಿ ಮುಚ್ಚಿದ ಒಂದು ಭಾನುವಾರ, ಆ ಟ್ಯೂಬ್ ಕತ್ತರಿಸಿದ್ದು ನಾನೇ.